ಅತ್ತೆಯ ಕಂಪ್ಯೂಟರಿಗೆ ಹೊರಗಿನ ಡಿಸ್ಕು

ಮದುವೆಯಾಗಿ ದಿಲ್‌ಸುಖ್‌ನಗರದ ಮನೆಗೆ ಬಂದ ಮೊದಲ ವಾರದಲ್ಲೇ ನನಗೂ ನನ್ನ ಅತ್ತೆಗೂ ಸರಿಬರುವುದಿಲ್ಲ ಎನ್ನುವುದು ಇಬ್ಬರಿಗೂ ಗೊತ್ತಾಯಿತು. ಅವರದು ಇಳಕಲ್ಲಿನ ನೇಕಾರರ ಮನೆತನ, ನನ್ನದು ಮೈಸೂರು. ನಾನು 'ಇದೆ' ಅಂದರೆ ಅವರು ತಲೆ ಎತ್ತದೆ 'ಐತಿ' ಎಂದು ತಿದ್ದುತ್ತಿದ್ದರು. ಸಾರಿಗೆ ಚೂರು ಬೆಲ್ಲ ಹಾಕಿದ ದಿನ ಒಂದು ತುತ್ತು ತಿಂದು, "ಪಾಯಸ ಮಾಡೀನಿ ಅಂತ ಮೊದಲ ಹೇಳಬಾರದೇನು" ಎಂದು ತಟ್ಟೆ ಸರಿಸಿದರು. ಹೊರಗೆ ತರಕಾರಿಯವಳ ಹತ್ತಿರ ತೆಲುಗು, ಕಿರಾಣಿಯವನ ಹತ್ತಿರ ಉರ್ದು, ಎರಡನ್ನೂ ಸಲೀಸಾಗಿ ಮಾತಾಡುತ್ತಿದ್ದರು. ಕನ್ನಡವನ್ನು ಮನೆಯೊಳಗೆ ಇಟ್ಟುಕೊಂಡಿದ್ದರು, ಬಹುಪಾಲು ನನ್ನನ್ನು ಅನ್ನುವುದಕ್ಕೆ.

ಮಾವ ನನ್ನ ಮದುವೆಗೆ ಮುಂಚೆಯೇ ತೀರಿಕೊಂಡಿದ್ದರು. ಗಂಡನದು ಔಷಧಿ ಮಾರುವ ಕೆಲಸ, ವಾರದಲ್ಲಿ ಹೆಚ್ಚು ದಿನ ವರಂಗಲ್ಲು, ಕರೀಂನಗರ ಎಂದು ತಿರುಗುತ್ತಿದ್ದರು. ಹಾಗಾಗಿ ಮನೆಯಲ್ಲಿ ನಾವಿಬ್ಬರೇ.

ಇಬ್ಬರೂ ಕಂಪ್ಯೂಟರಿನವರೇ ಎನ್ನುವುದು ಜಗಳವನ್ನು ಇನ್ನಷ್ಟು ಹದಗೆಡಿಸಿತ್ತು. ಅತ್ತೆ ರಕ್ಷಣಾ ಇಲಾಖೆಯ ಒಂದು ಕಾರ್ಖಾನೆಯಲ್ಲಿ ರಟ್ಟಿನ ಕಾರ್ಡುಗಳಿಗೆ ತೂತು ಹೊಡೆಯುವ ಕೆಲಸಕ್ಕೆ ಸೇರಿ, ಕಂಪ್ಯೂಟರ್ ವಿಭಾಗದ ಮೇಲ್ವಿಚಾರಕಿಯಾಗಿ ನಿವೃತ್ತರಾದವರು. ನಾನು ಗಚ್ಚಿಬೌಲಿಯ ಕಂಪನಿಯೊಂದರಲ್ಲಿ ಪ್ರೋಗ್ರಾಂ ಬರೆಯುತ್ತಿದ್ದೆ. ಆಗ ಗಚ್ಚಿಬೌಲಿಯಲ್ಲಿ ಬಂಡೆಗಳ ನಡುವೆ ಗಾಜಿನ ಕಟ್ಟಡಗಳು ಏಳುತ್ತಿದ್ದ ಕಾಲ. ಊರಿನ ಪ್ರತಿ ಗೋಡೆಯ ಮೇಲೂ ಸಾಫ್ಟ್‌ವೇರ್ ಕೋರ್ಸಿನ ಪೋಸ್ಟರ್ ಇರುತ್ತಿತ್ತು. ಕಂಪನಿಯ ಕ್ಯಾಬು ಬಂದು ಮನೆ ಮುಂದೆ ಹಾರ್ನ್ ಹೊಡೆದಾಗಲೆಲ್ಲ ಅತ್ತೆ, "ನಿಮ್ಮ ಸಾಫ್ಟ್‌ವೇರ್ ಗಾಡಿ ಬಂತ ನೋಡ್ರಿ, ಬಾಯಾರ" ಎನ್ನುತ್ತಿದ್ದರು. ನನಗೆ ಬಹುವಚನ ಹಚ್ಚಿದರೆಂದರೆ ಅಂದು ಅವರಿಗೆ ನನ್ನ ಮೇಲೆ ವಿಶೇಷ ಸಿಟ್ಟಿದೆ ಎಂದು ಅರ್ಥ.

ಅವರ ಕಂಪ್ಯೂಟರು ಹಾಲಿನಲ್ಲಿ, ಫೋನಿನ ಪಕ್ಕದ ಮೇಜಿನ ಮೇಲೆ ಇರುತ್ತಿತ್ತು. ಬಿಳಿ ಹೋಗಿ ಹಳದಿಗೆ ತಿರುಗಿದ ಡಬ್ಬಿಯಂಥ ಯಂತ್ರ. ಪರದೆ, ಫ್ಲಾಪಿ ಹಾಕುವ ಸಂದು, ಡಿಸ್ಕು ಎಲ್ಲವೂ ಆ ಒಂದೇ ಡಬ್ಬಿಯಲ್ಲಿ. ಎರಡು ಅಂಗೈ ಅಗಲಿಸಿದರೆ ಮುಚ್ಚಿಹೋಗುವಷ್ಟು ಪರದೆ, ಅದೂ ಬರೀ ಕಪ್ಪು ಬಿಳುಪು. ಆಫೀಸಿನವರು ಹಳೆಯ ಸಾಮಾನು ಹರಾಜು ಹಾಕಿದಾಗ ಅತ್ತೆ ಅದನ್ನು ಕೂಗಿ ಹಿಡಿದುಕೊಂಡು ಬಂದಿದ್ದರು. ಅದರಲ್ಲಿ ಅವರು ಇಳಕಲ್ ಸೀರೆಯ ದಡಿಗಳನ್ನು, ಅಂದರೆ ಅಂಚಿನ ಚಿತ್ತಾರಗಳನ್ನು, ಬರೆಯುತ್ತಿದ್ದರು. ಒಂದು ಚುಕ್ಕಿ ಎಂದರೆ ಒಂದು ಎಳೆ. ಊಟವಾದ ಮೇಲೆ ಕನ್ನಡಕ ಏರಿಸಿ ಕೂತರೆ ಸಂಜೆ ದೀಪ ಹಚ್ಚುವವರೆಗೆ ಚುಕ್ಕಿ ಇಡುವುದು, ಅಳಿಸುವುದು, ಮತ್ತೆ ಇಡುವುದು. ಮುಗಿದದ್ದನ್ನು ಕರ್ರೋ ಎನ್ನುವ ಪ್ರಿಂಟರಿನಲ್ಲಿ ಅಚ್ಚು ಹಾಕಿ ಇಳಕಲ್ಲಿನಲ್ಲಿ ಮಗ್ಗ ಇಟ್ಟುಕೊಂಡಿದ್ದ ತಮ್ಮನಿಗೆ ಕಳಿಸುತ್ತಿದ್ದರು. ತಮ್ಮ ನೇಯ್ದ ಸೀರೆಗಳು ಮಾರಾಟವಾಗುತ್ತಿದ್ದವು. ಅದು ಹವ್ಯಾಸವಲ್ಲ, ಕೆಲಸವೇ ಆಗಿತ್ತು. ಅದನ್ನು ನಾನು ಒಪ್ಪುತ್ತಿದ್ದೆ, ಬಾಯಿ ಬಿಟ್ಟು ಹೇಳುತ್ತಿರಲಿಲ್ಲ ಅಷ್ಟೆ.

ನನಗೆ ಕಂಪನಿಯಲ್ಲಿ ಬೋನಸ್ಸು ಬಂದಾಗ ಒಂದು ಹೊಸ ಕಂಪ್ಯೂಟರ್ ಕೊಂಡೆ. ಇಂಟರ್ನೆಟ್ಟು ಫೋನಿನ ತಂತಿಯ ಮೇಲೆ ಬರುತ್ತಿದ್ದ ದಿನಗಳವು, ಹಾಗಾಗಿ ಅದು ಫೋನಿನ ಹತ್ತಿರವೇ ಇರಬೇಕಿತ್ತು. ಒಂದು ಭಾನುವಾರ ಅತ್ತೆ ದೇವಸ್ಥಾನಕ್ಕೆ ಹೋಗಿದ್ದಾಗ ನಾನೂ ಗಂಡನೂ ಅವರ ಮೇಜನ್ನು ಕಿಟಕಿಯ ಕಡೆಗೆ ಸರಿಸಿ, ಆ ಜಾಗದಲ್ಲಿ ನನ್ನದನ್ನು ಇಟ್ಟೆವು. ಸಂಜೆಯೇ ಗಂಡ ಊರಿಗೆ ಹೊರಟರು. ಮರುದಿನ ಮಧ್ಯಾಹ್ನ, ನನಗೆ ರಜೆ ಇತ್ತು, ಅತ್ತೆ ತಮ್ಮ ಯಂತ್ರದ ಸ್ವಿಚ್ಚು ಒತ್ತಿದರು. ಪರದೆ ಬೆಳಗಿತು. ನಡುವೆ ಪುಟ್ಟ ಫ್ಲಾಪಿಯ ಚಿತ್ರ, ಅದರೊಳಗೆ ಒಂದು ಪ್ರಶ್ನೆಯ ಚಿಹ್ನೆ ಮಿಣುಕುತ್ತಿತ್ತು. ನನ್ನನ್ನು ಎಬ್ಬಿಸುವ ಡಿಸ್ಕು ಎಲ್ಲಿ ಎಂದು ಯಂತ್ರ ಕೇಳುವ ರೀತಿ ಅದು. ಆರಿಸಿ ಹಚ್ಚಿದರೂ ಅದೇ.

"ಏನ ಮಾಡಿದಿ ಇದಕ್ಕ?" ಎಂದರು ಅತ್ತೆ, ತಿರುಗದೆ.

"ಏನೂ ಮಾಡಿಲ್ಲ. ಮೇಜು ಸರಿಸಿದ್ವಿ, ಅಷ್ಟೇ."

"ಎಳದ್ರಿ."

"ಮೆಲ್ಲಗೇ ಸರಿಸಿದ್ದು. ಅತ್ತೆ, ಅದರ ಡಿಸ್ಕು ತಿಂಗಳಿಂದ ಕುಯ್ಯೋ ಅಂತಿತ್ತು. ನಾನು ಆಗಲೇ ನಿಮಗೆ ಹೇಳಿದ್ದೆ."

"ಹೌದು, ಹೇಳಿದ್ರಿ ಬಾಯಾರ. ಈಗ ಮಾಡಿ ತೋರಿಸಿದ್ರಿ."

ಅವರು ಒಳಗಿನಿಂದ ಒಂದು ಬಿಳಿ ಪಂಚೆ ತಂದು ಯಂತ್ರದ ಮೇಲೆ ತಲೆಯಿಂದ ಬುಡದವರೆಗೆ ಹೊದಿಸಿದರು. ಆಮೇಲೆ ತಮ್ಮನಿಗೆ ಫೋನು ಹಚ್ಚಿ, ನಾನು ಅಡುಗೆಮನೆಯಲ್ಲಿದ್ದರೂ ಕೇಳುವ ಹಾಗೆ, "ನಮ್ಮ ಸೊಸಿ ಮೆಷಿನ್ ಮುಗಿಸಿದ್ಲಪಾ" ಎಂದರು. ಆ ವಾರವಿಡೀ ಅವರು ತಮ್ಮ ರೊಟ್ಟಿ ತಾವೇ ಬಡಿದುಕೊಂಡು ತಿಂದರು. ನಾನು ಮಾಡಿದ ಅನ್ನ ಸಾರು ಪಾತ್ರೆಯಲ್ಲೇ ಉಳಿಯುತ್ತಿತ್ತು. ಹಾಲಿಗೆ ಬಂದವರೆಲ್ಲ ಪಂಚೆ ಹೊದ್ದ ಮೇಜನ್ನು ನೋಡಿ ಏನಾಯಿತು ಎಂದು ಕೇಳುವುದು, ಅತ್ತೆ ನನ್ನ ಕಡೆ ಗದ್ದ ತೋರಿಸುವುದು. ಮೇಲಿನ ಮನೆಯ ಹೆಂಗಸಂತೂ ಎರಡು ಸಲ ಬಂದು ಕೇಳಿಸಿಕೊಂಡು ಹೋದಳು.

ನನಗೆ ಹಟ ಬಂತು. ಆಫೀಸಿನಲ್ಲಿ ಬಿಡುವಾದಾಗಲೆಲ್ಲ ಆ ಮಾದರಿಯ ಯಂತ್ರದ ಬಗ್ಗೆ ಇಂಟರ್ನೆಟ್ಟಿನಲ್ಲಿ ಹುಡುಕಿ ಓದಿದೆ. ಒಳಗಿನ ಡಿಸ್ಕು ಕೈಕೊಟ್ಟರೆ ಯಂತ್ರ ಸತ್ತಂತಲ್ಲ. ಅದರ ಬೆನ್ನಿಗೆ ಒಂದು ಅಗಲವಾದ ಕಿಂಡಿ ಇರುತ್ತದೆ. ಅಲ್ಲಿಗೆ ಹೊರಗಿನಿಂದ ಇನ್ನೊಂದು ಡಿಸ್ಕು ಜೋಡಿಸಿದರೆ ಯಂತ್ರ ಅದರಿಂದಲೇ ಎದ್ದೀತು. ಎದ್ದ ಮೇಲೆ ಒಳಗಿನ ಡಿಸ್ಕಿನ ಗತಿ ಏನು ಎಂದೂ ನೋಡಬಹುದು. ನನಗೆ ಬೇಕಾಗಿದ್ದದ್ದು ಅದೇ. ಅದು ಸವೆದು ಕೆಟ್ಟಿದೆ, ನಾನು ಕೆಡಿಸಿದ್ದಲ್ಲ ಎಂದು ಅವರ ಕಣ್ಣೆದುರಿಗೇ ತೋರಿಸಬೇಕಿತ್ತು.

ಕಾಚಿಗುಡದಲ್ಲಿ ಲಗ್ನಪತ್ರಿಕೆ ಮಾಡುವ ಡಿಟಿಪಿ ಅಂಗಡಿಯೊಂದಿತ್ತು. ಅಲ್ಲಿ ಹಿಂದೆ ಇಂಥವೇ ಯಂತ್ರಗಳಿದ್ದವು ಎಂದು ಗಂಡ ಫೋನಿನಲ್ಲಿ ಹೇಳಿದರು. ಶನಿವಾರ ಹೋದೆ. ಅಂಗಡಿಯವನು ಅಟ್ಟದ ಮೇಲಿಂದ ಇಟ್ಟಿಗೆಯಷ್ಟು ದಪ್ಪದ ಒಂದು ಡಿಸ್ಕು, ಬೆರಳು ಗಾತ್ರದ ಕೇಬಲ್ಲು ಇಳಿಸಿದ. "ಲೇ ಜಾವ್ ಮೇಡಂ, ಅಂದರ್ ಶಾದಿ ಕೆ ಕಾರ್ಡಾಂ ಹೈಂ, ಸಬ್ ಉಡಾ ದೋ" ಎಂದ. ಒಳಗಿರುವ ಲಗ್ನಪತ್ರಿಕೆಗಳನ್ನೆಲ್ಲ ಅಳಿಸಿಬಿಡಿ ಎಂದು.

ಮರುದಿನ ಬೆಳಿಗ್ಗೆ ಪಂಚೆ ತೆಗೆದೆ. ಅತ್ತೆ ಅಡ್ಡ ಬರಲಿಲ್ಲ. ಕುರ್ಚಿ ಎಳೆದುಕೊಂಡು, ಮೊರದಲ್ಲಿ ಪುಂಡಿಸೊಪ್ಪು ಹಾಕಿಕೊಂಡು, ಎಲೆ ಬಿಡಿಸುತ್ತ ನನ್ನ ಬೆನ್ನಿಗೆ ಕೂತರು.

"ಹೊರಗಿನ ಡಿಸ್ಕಿಂದ ಎಬ್ಬಿಸ್ತೀನಿ" ಎಂದೆ.

"ಎಬ್ಬಸು. ನಾ ಏನ ಕೈ ಹಿಡದೀನೇನು."

ಕೇಬಲ್ಲು ಜೋಡಿಸಿ, ಮೊದಲು ಡಿಸ್ಕಿಗೆ ಕರೆಂಟು ಕೊಟ್ಟು, ಅದರ ದೀಪ ಮಿಣುಕುವುದು ನಿಂತ ಮೇಲೆ ಯಂತ್ರ ಹಚ್ಚಿದೆ. ಪರದೆ ಬೂದಾಗಿ ಹಾಗೇ ನಿಂತಿತು. ಡಿಸ್ಕಿನ ಹಿಂದೆ ಒಂದು ಪುಟ್ಟ ಅಂಕಿಯ ಚಕ್ರ ಇತ್ತು. ಒಳಗಿನದಕ್ಕೂ ಹೊರಗಿನದಕ್ಕೂ ಒಂದೇ ಅಂಕಿ ಇದ್ದರೆ ಯಂತ್ರಕ್ಕೆ ಗೊಂದಲ ಎಂದು ಓದಿದ್ದೆ. ಚಕ್ರ ತಿರುಗಿಸಿ ಅಂಕಿ ಬದಲಿಸಿದೆ. ಈಗ ಪ್ರಶ್ನೆಯ ಚಿಹ್ನೆ ಬಂತು. ಕೇಬಲ್ಲು ಬಿಚ್ಚಿ ಒರೆಸಿ ಹಾಕಿದೆ, ಮತ್ತೆ ಪ್ರಶ್ನೆ. ಬೇರೆ ಅಂಕಿ, ಮತ್ತೆ ಪ್ರಶ್ನೆ. ಬೆನ್ನ ಹಿಂದೆ ಎಲೆ ಕೀಳುವ ಸದ್ದು ಒಂದೇ ಸಮನೆ ಬರುತ್ತಿತ್ತು. ಬೆವರು ಕಣ್ಣಿಗಿಳಿಯಿತು. ಕೊನೆಗೆ ನಾನು ನೆಲದ ಮೇಲೆ ಕೂತುಬಿಟ್ಟಾಗ ಅತ್ತೆ ಹೇಳಿದರು:

"ಹಿಂದ ಇನ್ನೊಂದು ತೂತು ಖಾಲಿ ಐತೆಲ್ಲ, ಅದಕ್ಕ ಬೂಚ ಹಾಕಬೇಕು. ಲೈನಿನ ತುದಿಗೆ ಬೂಚ ಇರಲಿಲ್ಲಂದ್ರ ಡಿಸ್ಕ್ ಮಾತಾಡಿದ್ದು ಮೆಷಿನಿಗೆ ತಿಳಿಯೂದಿಲ್ಲ. ನಮ್ಮ ಆಫೀಸಿನ್ಯಾಗ ಇತ್ತು."

ನಾನು ಅವರನ್ನೇ ನೋಡಿದೆ. "ಇದು ನಿಮಗೆ ಗೊತ್ತಿತ್ತಾ?"

"ಗೊತ್ತಿತ್ತು."

"ಬೆಳಿಗ್ಗೆಯಿಂದ ಒದ್ದಾಡ್ತಾ ಇದೀನಿ. ನೀವು ಸುಮ್ನೆ ಕೂತಿದೀರಿ."

"ನೀ ಕೇಳಲಿಲ್ಲ. ಗಚ್ಚಿಬೌಲಿಯೊಳಗ ಏನೇನ ಕಲಿಸ್ತಾರ ನೋಡೂಣು ಅಂತ ಕುಂತಿದ್ದೆ."

ನಾನು ಎದ್ದು ನಿಂತು ಹೇಳಿದೆ: "ನಿಮಗೆ ಯಂತ್ರ ಏಳೋದು ಬೇಕಾಗಿಲ್ಲ ಅತ್ತೆ. ಅದು ಹೀಗೇ ಬಿದ್ದಿರಬೇಕು, ನೀವು ಬಂದವರಿಗೆಲ್ಲ ನನ್ನನ್ನು ತೋರಿಸ್ತಾ ಇರಬೇಕು."

ಅವರು ಮೊರವನ್ನು ಪಕ್ಕಕ್ಕಿಟ್ಟರು. ಮಡಿಲಿಗೆ ಬಿದ್ದಿದ್ದ ದಂಟುಗಳನ್ನು ಕೊಡವಿದರು. ಅವರ ಮುಖ ಕೆಂಪಾಗಿತ್ತು.

"ಚಪ್ಪಲಿ ಹಾಕ್ಕೋ" ಎಂದರು. "ಆ ಅಂಗಡ್ಯಾಗ ಬೂಚ ಇರತೈತಿ. ನೀ ಒಬ್ಬಾಕಿ ಹೋದ್ರ ಇನ್ನೇನರ ತರ್ತಿ."

ಆಟೋದಲ್ಲಿ ನಾವು ಆಚೆ ಒಬ್ಬರು ಈಚೆ ಒಬ್ಬರು, ನಡುವೆ ಇನ್ನೊಬ್ಬರು ಕೂರುವಷ್ಟು ಜಾಗ ಬಿಟ್ಟು ಕೂತೆವು. ಹತ್ತುವಾಗ ಚಾಲಕನ ಜೊತೆ ತೆಲುಗಿನಲ್ಲಿ ಮಾತಾಡಿದ ಅತ್ತೆ, ಅವನಿಗೆ ತಿಳಿಯುವುದಿಲ್ಲ ಎಂಬ ಧೈರ್ಯದಲ್ಲಿ ದಾರಿಯುದ್ದಕ್ಕೂ ಕನ್ನಡದಲ್ಲಿ ನನಗೆ ಪೂಜೆ ಮಾಡಿದರು. ನನಗೆ ಹಿರಿಯರೆಂದರೆ ಕಿಮ್ಮತ್ತಿಲ್ಲವಂತೆ, ಮನೆಗೆ ಬಂದು ಇನ್ನೂ ವರ್ಷ ಆಗಿಲ್ಲ, ಮೇಜು ಎಳೆಯುವ ಅಧಿಕಾರ ಬಂದುಬಿಟ್ಟಿತಂತೆ. ನಾನೂ ಬಿಡಲಿಲ್ಲ. "ಹಾಲ್ ನಿಮ್ಮೊಬ್ಬರದೇ ಅಲ್ಲ" ಎಂದೆ. "ಹಾಲಿನ ಗ್ವಾಡಿ ಕಟ್ಟುವಾಗ ನೀ ಹುಟ್ಟಿದ್ದಿಲ್ಲ" ಎಂದರು. ಕಾಚಿಗುಡದಲ್ಲಿ ಇಳಿದಾಗ ಚಾಲಕ ಚಿಲ್ಲರೆ ಎಣಿಸುತ್ತ ಮೆಲ್ಲಗೆ, "ನಮ್ಮದೂ ರಾಯಚೂರ್ರೀ ಅಮ್ಮಾರ" ಎಂದ. ಅತ್ತೆ ಸೆರಗು ಎಳೆದುಕೊಂಡು ಹಿಂತಿರುಗಿ ನೋಡದೆ ಅಂಗಡಿಯೊಳಗೆ ನುಗ್ಗಿದರು. ನನಗೆ ನಗು ಬಂತು. ತಡೆದುಕೊಂಡೆ, ನಗುವಷ್ಟು ಸಲಿಗೆ ನಮ್ಮ ನಡುವೆ ಇರಲಿಲ್ಲ.

ಭಾನುವಾರವಾದರೂ ಮದುವೆಯ ಕಾಲ, ಅಂಗಡಿ ತೆರೆದಿತ್ತು. ಅತ್ತೆ ಉರ್ದುವಿನಲ್ಲಿ ಗದರಿಸಿ ಅಂಗಡಿಯವನ ಡ್ರಾಯರುಗಳನ್ನೆಲ್ಲ ಮೇಜಿನ ಮೇಲೆ ಸುರಿಸಿದರು. ರಬ್ಬರ್ ಸ್ಟಾಂಪು, ಹಳೆಯ ಬ್ಲೇಡು, ಪಿನ್ನುಗಳ ನಡುವೆ ಬೆಂಕಿಪೊಟ್ಟಣದಷ್ಟು ದೊಡ್ಡದೊಂದು ಬೂಚು ಸಿಕ್ಕಿತು. ಬರುವಾಗ ಬಸ್ಸು ಹತ್ತಿದೆವು. ಆಟೋ ಬೇಡ ಎಂದವರು ಅವರೇ.

ಮನೆಗೆ ಬಂದು ಬೂಚು ಸಿಕ್ಕಿಸಿದೆ. ಡಿಸ್ಕು ಹಚ್ಚಿದೆ, ಯಂತ್ರ ಹಚ್ಚಿದೆ. ಒಂದು ಗಳಿಗೆ ಬೂದು ಪರದೆ. ಆಮೇಲೆ ಹೊರಗಿನ ಡಿಸ್ಕು ಕಟಕಟ ಎಂದಿತು. ಪರದೆಯ ಮೇಲೆ ಪುಟ್ಟ ನಗುಮುಖ ಮೂಡಿ ಯಂತ್ರ ಎದ್ದು ಕೂತಿತು. ಪರದೆ ತುಂಬ ಗಣಪತಿ, ಕಳಶ, ತೆಲುಗು ಲಗ್ನಪತ್ರಿಕೆಗಳು. ಬಲಗಡೆ ಮೇಲೆ ಹೊರಗಿನ ಡಿಸ್ಕಿನ ಗುರುತು. ನಾವಿಬ್ಬರೂ ನೋಡುತ್ತಿದ್ದಂತೆಯೇ ಅದರ ಕೆಳಗೆ ಇನ್ನೊಂದು ಗುರುತು ನಿಧಾನವಾಗಿ ಮೂಡಿತು. ಅತ್ತೆಯ ಡಿಸ್ಕು. ಅದು ಪೂರಾ ಸತ್ತಿರಲಿಲ್ಲ. ಯಂತ್ರವನ್ನು ಎಬ್ಬಿಸುವ ಶಕ್ತಿ ಕಳೆದುಕೊಂಡಿತ್ತು, ಒಳಗಿನದು ಇನ್ನೂ ಇತ್ತು. ಆದರೆ ಕುಯ್ಯೋ ಎನ್ನುವ ಸದ್ದು ಈಗ ಪಕ್ಕದ ಕೋಣೆಗೂ ಕೇಳುವಂತಿತ್ತು.

"ನೋಡಿದ್ರಾ?" ಎಂದೆ. "ಇದು ಎಳೆದಿದ್ದರಿಂದ ಬರೋ ಸದ್ದಾ?"

ಅವರು ಯಂತ್ರದ ನೆತ್ತಿಯ ಮೇಲೆ ಅಂಗೈ ಇಟ್ಟುಕೊಂಡು ನಿಂತಿದ್ದರು. ಆಮೇಲೆ ನನ್ನನ್ನು ಮೊಣಕೈಯಿಂದ ಸರಿಸಿ ಕುರ್ಚಿಯಲ್ಲಿ ತಾವು ಕೂತು ಮೌಸು ಹಿಡಿದರು.

ಲಗ್ನಪತ್ರಿಕೆಗಳನ್ನು ಅಳಿಸಿ ಜಾಗ ಮಾಡಿದ ಮೇಲೆ ಮತ್ತೆ ಶುರುವಾಯಿತು. ಎಲ್ಲವನ್ನೂ ಒಟ್ಟಿಗೆ ಎಳೆದು ಹಾಕಿ ಎಂದೆ ನಾನು. ಒಂದೊಂದಾಗಿ ತೆರೆದು, ಸರಿ ಇದೆಯೋ ಇಲ್ಲವೋ ನೋಡಿಯೇ ಹಾಕುತ್ತೇನೆ ಎಂದರು ಅವರು. ಆ ಡಿಸ್ಕಿನಲ್ಲಿ ಎರಡು ಥರದ ದಡಿಗಳಿದ್ದವು. ಒಂದು, ತಮ್ಮನ ಮಗ್ಗಗಳಿಗೆಂದು ಅವರು ಹೊಸದಾಗಿ ಕಟ್ಟಿದವು. ಇನ್ನೊಂದು, ಅವರ ತಾಯಿ ಉಡುತ್ತಿದ್ದ ಸೀರೆಗಳ ದಡಿಗಳು. ಆ ಸೀರೆಗಳು ಚಿಂದಿಯಾಗುವ ಮುಂಚೆ, ಭೂತಗನ್ನಡಿ ಹಿಡಿದು ಎಳೆ ಎಣಿಸಿ ಯಂತ್ರಕ್ಕೆ ಇಳಿಸಿಕೊಂಡಿದ್ದರಂತೆ. ಅವರು ಹೊಸದರಿಂದ ಶುರು ಮಾಡಿದರು.

"ಹಳೇವನ್ನ ಮೊದಲು ತಗೊಳ್ಳಿ ಅತ್ತೆ. ಹೊಸವು ನಿಮ್ಮ ತಮ್ಮನ ಹತ್ರ ಕಾಗದದ ಮೇಲೆ ಇರುತ್ತೆ."

"ಮಗ್ಗ ನಿಂತಾವ ಅಲ್ಲೆ, ಇನ್ನೂ ಕಳಸಲಾರದವು ಅದಾವ. ಮೊದಲ ಅವು."

"ಡಿಸ್ಕು ಕೂಗ್ತಾ ಇರೋದು ಕೇಳಿಸ್ತಿಲ್ವಾ?"

"ನನಗ ನೀ ಹೇಳಬ್ಯಾಡ. ನನ್ನ ಮೆಷಿನ್ ಇದು."

ನಾನು ಕೈ ಕಟ್ಟಿಕೊಂಡು ಅವರ ಬೆನ್ನ ಹಿಂದೆ ನಿಂತೆ. ಒಂದೊಂದು ದಡಿ ಪರದೆಯ ಮೇಲೆ ತೆರೆಯುತ್ತಿತ್ತು, ಅವರು ಮುಖ ಹತ್ತಿರ ಒಯ್ದು ನೋಡಿ, ಮುಚ್ಚಿ, ಎಳೆದು ಹೊರಗಿನ ಡಿಸ್ಕಿಗೆ ಬಿಡುತ್ತಿದ್ದರು. ಹೊಸವೆಲ್ಲ ಹೋದವು. ತಾಯಿಯ ದಡಿಗಳಲ್ಲಿ ಮೊದಲಿನದನ್ನು ತೆರೆದರು. ಅರ್ಧ ಮೂಡಿತು, ಸಾಲಾಗಿ ತೇರಿನಂಥ ಚಿತ್ತಾರ, ಆಮೇಲೆ ಅಲ್ಲೇ ನಿಂತಿತು. ಒಳಗೆ ಏನೋ ಕಡಕ್ ಎಂದಿತು. ಕುಯ್ಯೋ ಎನ್ನುವ ಸದ್ದು ನಿಂತುಹೋಯಿತು.

ಎಷ್ಟು ಸಲ ಆರಿಸಿ ಹಚ್ಚಿದರೂ ಆ ಎರಡನೆಯ ಗುರುತು ಮತ್ತೆ ಮೂಡಲಿಲ್ಲ.

ಅತ್ತೆ ಕನ್ನಡಕ ತೆಗೆದು ಮೇಜಿನ ಮೇಲಿಟ್ಟರು. "ಹೇಳು" ಎಂದರು.

"ಏನು?"

"ನಾ ಹೇಳಿದ್ದೆ ಅಂತ ಹೇಳು. ಹೇಳಿಬಿಡು."

ಆ ಮಾತು ನಿಜಕ್ಕೂ ನನ್ನ ಬಾಯಲ್ಲಿತ್ತು. ಆದರೆ ಅವರೇ ಕೇಳಿದ ಮೇಲೆ ಕೊಡಲು ಮನಸ್ಸಾಗಲಿಲ್ಲ. "ಊಟಕ್ಕೆ ಬನ್ನಿ" ಎಂದೆ. ಅದರಿಂದ ಅವರಿಗೆ ಇನ್ನೂ ಸಿಟ್ಟು ಬಂತು. "ಉಪಕಾರ ಮಾಡಾಕ ಬರಬ್ಯಾಡ" ಎಂದು ಎದ್ದು ಹೋಗಿ ತಮ್ಮ ಕೋಣೆಯ ಬಾಗಿಲು ಹಾಕಿಕೊಂಡರು.

ಮರುದಿನದಿಂದ ಅವರು ಹೊರಗಿನ ಡಿಸ್ಕಿನಲ್ಲೇ ಯಂತ್ರ ಎಬ್ಬಿಸಿ, ತಾಯಿಯ ದಡಿಗಳನ್ನು ನೆನಪಿನಿಂದ ಬರೆಯಲು ಕೂತರು. ಬೆರಳ ಗೆಣ್ಣಿನ ಮೇಲೆ ಎಳೆ ಎಣಿಸುವುದು, ಚುಕ್ಕಿ ಇಡುವುದು, ತಲೆ ಅಲ್ಲಾಡಿಸಿ ಅಳಿಸುವುದು. ಕೆಲವು ಬಂದವು, ಕೆಲವು ಬರಲಿಲ್ಲ. ಇಡೀ ಮಳೆಗಾಲ ಹೀಗೇ ಹೋಯಿತು. ನಾನು ಒಮ್ಮೆ, ಈ ಹೊರಗಿನ ಡಿಸ್ಕೂ ಹಳೆಯದೇ, ಎಲ್ಲವನ್ನೂ ನನ್ನ ಕಂಪ್ಯೂಟರಿನಲ್ಲಿ ಒಂದು ಪ್ರತಿ ಇಟ್ಟುಕೊಳ್ಳೋಣ ಎಂದೆ. "ನನ್ನ ಅವ್ವನ ಸೀರಿ ನಿನ್ನ ಪೆಟ್ಟಿಗ್ಯಾಗ ಯಾಕ ಇಡಲಿ" ಎಂದರು. ಮೇಲಿನ ಮನೆಯ ಹೆಂಗಸು ಬಂದು ಯಂತ್ರ ಎದ್ದದ್ದು ನೋಡಿ ಕೇಳಿದಾಗ, "ಬೂಚ ಇರಲಿಲ್ಲ, ನಾ ಹಾಕಿ ಎಬ್ಬಿಸಿದೆ" ಎಂದು ತೆಲುಗಿನಲ್ಲಿ ಹೇಳಿದರು. ನಾನು ಅಡುಗೆಮನೆಯಿಂದ ಹೊರಬಂದು, "ಡಿಸ್ಕು ಯಾರು ತಂದಿದ್ದು ಅಂತಾನೂ ಹೇಳಿ" ಎಂದೆ. ಆ ಹೆಂಗಸು ಚಹಾ ಕುಡಿಯದೆ ಎದ್ದು ಹೋದಳು.

ದೀಪಾವಳಿಯಾದ ಮೇಲೆ ಅತ್ತೆ ಮಧ್ಯಾಹ್ನ ಮನೆಯಲ್ಲಿ ಸಿಗದಂತಾದರು. ಫೋನು ಮಾಡಿದರೆ ಎತ್ತುವವರಿಲ್ಲ. ಕೇಳಿದರೆ, "ಕೆಲಸ ಇತ್ತು." ಗಂಡ ಕೇಳಿದರೂ ಅದೇ ಉತ್ತರ. ಡಾಕ್ಟರ ಹತ್ತಿರ ಹೋಗುತ್ತಿದ್ದಾರೇನೋ ಎಂದು ನಮಗೆ ಹೆದರಿಕೆಯಾಯಿತು.

ಒಂದು ಸಂಜೆ ಆಫೀಸಿನಿಂದ ಬರುವಾಗ ಕ್ಯಾಬು ಅಮೀರ್‌ಪೇಟೆಯ ಟ್ರಾಫಿಕ್ಕಿನಲ್ಲಿ ಸಿಕ್ಕಿಕೊಂಡಿತು. ಕೋಚಿಂಗ್ ಬಿಟ್ಟ ಹೊತ್ತು. ಬೆನ್ನಿಗೆ ಚೀಲ ಹಾಕಿಕೊಂಡ ಹುಡುಗ ಹುಡುಗಿಯರು ಬಸ್‌ಸ್ಟಾಪಿನ ತುಂಬ. ಅವರ ನಡುವೆ ಇಳಕಲ್ ಸೀರೆ ಉಟ್ಟು, ಇನ್‌ಸ್ಟಿಟ್ಯೂಟಿನ ಹೆಸರಿದ್ದ ಕೆಂಪು ಚೀಲ ಹೆಗಲಿಗೆ ಹಾಕಿಕೊಂಡು, ಒಬ್ಬ ಹುಡುಗಿಯ ಜೊತೆ ತೆಲುಗಿನಲ್ಲಿ ಜೋರಾಗಿ ಏನೋ ವಾದಿಸುತ್ತ ನನ್ನ ಅತ್ತೆ ನಿಂತಿದ್ದರು.

ನಾನು ಗಾಜು ಇಳಿಸಿದೆ. "ಅತ್ತೆ, ಬನ್ನಿ. ಮನೆ ಕಡೆಗೇ ಹೋಗ್ತಾ ಇದೆ."

ಅವರು ನನ್ನನ್ನು ನೋಡಿದರು. ಚೀಲವನ್ನು ಸೆರಗಿನೊಳಗೆ ಸರಿಸಿಕೊಂಡರು. "ಬ್ಯಾಡ. ನನ್ನ ಬಸ್ ಬರತೈತಿ."

"ಬಸ್ಸು ತುಂಬಿರುತ್ತೆ."

"ಇರ್ಲಿ. ನಮ್ಮ ಕ್ಲಾಸಿನವ್ರು ಅದಾರ, ಜಾಗ ಕೊಡ್ತಾರ."

ಕ್ಯಾಬು ನಾಲ್ಕು ಮಾರು ಮುಂದೆ ಹೋಗಿ ಮತ್ತೆ ನಿಂತಿತು. ಸ್ವಲ್ಪ ಹೊತ್ತಿಗೆ ಬಸ್ಸೊಂದು ನಮ್ಮ ಪಕ್ಕದಲ್ಲೇ ನುಸುಳಿಕೊಂಡು ಮುಂದೆ ಹೋಯಿತು. ಅದರ ಕಿಟಕಿಯಲ್ಲಿ ಅವರು ಕೂತಿದ್ದರು, ನೇರ ಎದುರಿಗೆ ನೋಡುತ್ತ. ನಾನು ಮನೆ ಮುಟ್ಟುವಷ್ಟರಲ್ಲಿ ಅವರು ಚಹಾ ಮಾಡಿ ಕುಡಿದು, ಒಂದೇ ಒಂದು ಕಪ್ಪು ತೊಳೆದು ಬೋರಲು ಹಾಕಿದ್ದರು.

"ಏನು ಕಲೀತಿದೀರಿ?" ಎಂದೆ.

"ಡಿಸೈನ್ ಮಾಡೂ ಸಾಫ್ಟ್‌ವೇರ್. ಕಲರ್ ಇರೂದು." ಆಮೇಲೆ ಸೇರಿಸಿದರು: "ನಿನ್ನ ಕಂಪ್ಯೂಟರಿನ್ಯಾಗ ಹಳೇ ವರ್ಷನ್ ಐತಿ. ನಮಗ ಹೊಸದು ಕಲಸ್ತಾರ."

ನನ್ನನ್ನು ಕೇಳಬಾರದು ಎಂಬ ಒಂದೇ ಕಾರಣಕ್ಕೆ ಅವರು ಅಷ್ಟು ದೂರ, ಆ ವಯಸ್ಸಿನಲ್ಲಿ, ದಿನಾ ಎರಡು ಬಸ್ಸು ಹತ್ತಿ ಇಳಿಯುತ್ತಿದ್ದರು. ನನಗೆ ಅವಮಾನವಾಯಿತು. ಹೊಟ್ಟೆಕಿಚ್ಚೂ ಆಯಿತು ಎಂದರೆ ಸುಳ್ಳಲ್ಲ, ಯಾಕೆಂದರೆ ಅಷ್ಟು ಹಟ ನನ್ನಲ್ಲಿ ಇರಲಿಲ್ಲ.

ಸಂಕ್ರಾಂತಿಗೆ ಅವರ ಹೊಸ ಕಂಪ್ಯೂಟರು ಬಂತು. ಅದಕ್ಕೆ ಪಾಸ್‌ವರ್ಡ್ ಹಾಕಿದರು, ನನಗೆ ಬೆನ್ನು ಅಡ್ಡ ಮಾಡಿ. ಹಳೆಯದನ್ನೂ ತೆಗೆಯಲಿಲ್ಲ. ಹಾಲಿನಲ್ಲಿ ಈಗ ಸಾಲಾಗಿ ಮೂರು ಮೇಜು. ಗಂಡ ಊರಿನಿಂದ ಬಂದವರು ಚೀಲ ಹಿಡಿದುಕೊಂಡು ಬಾಗಿಲಲ್ಲೇ ನಿಂತು, "ಕುಂಡ್ರೂದು ಎಲ್ಲೆ?" ಎಂದು ಕೇಳಿದರು. ನಾವಿಬ್ಬರೂ ನಮ್ಮ ನಮ್ಮ ಪರದೆಯಿಂದ ಕಣ್ಣು ತೆಗೆಯಲಿಲ್ಲ.